ಶ್ರೇಷ್ಠ ಆಟಗಾರನ ಆಯ್ಕೆ: ಸ್ಕೋರ್‌ಶೀಟ್ ಒಂದೇ ಸಾಲದು

ನೀವು ನಡೆಸುವ ಎಂಟು ತಂಡಗಳ ಹಾಕಿ ಲೀಗ್‌ನಲ್ಲಿ ಪ್ರತಿ ವರ್ಷ ಗೋಲು ಜಾಸ್ತಿ ಹೊಡೆದವನಿಗೇ ಶ್ರೇಷ್ಠ ಆಟಗಾರ ಪ್ರಶಸ್ತಿ ಹೋಗಿ ಜಗಳ ಆಗುತ್ತಿದೆ ಅಂದಿರಲ್ಲ, ಬಹುಶಃ ಕಾರಣ ಇಷ್ಟೇ: ಕೊನೆಯ ದಿನ ನಿಮ್ಮ ಕೈಯಲ್ಲಿರುವುದು ಸ್ಕೋರ್‌ಶೀಟ್ ಮಾತ್ರ. ಅದರಲ್ಲಿ ಗೋಲು, ಕಾರ್ಡು ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ.

ಮೊದಲು ಗೋಲುಗಳನ್ನು ಬಿಡಿಸಿ ನೋಡಿ. ಆಟದ ಓಟದಲ್ಲೇ ಬಂದ ಫೀಲ್ಡ್ ಗೋಲು ಎಷ್ಟು, ಎದುರಾಳಿಯ ತಪ್ಪಿಗೆ ಸಿಗುವ ಪೆನಾಲ್ಟಿ ಕಾರ್ನರ್‌ನಿಂದ ಬಂದದ್ದು ಎಷ್ಟು, ಕೀಪರ್ ಒಬ್ಬನ ಎದುರು ಹೊಡೆಯುವ ಪೆನಾಲ್ಟಿ ಸ್ಟ್ರೋಕ್‌ನಿಂದ ಎಷ್ಟು? ನಮ್ಮಲ್ಲಿ ಒಮ್ಮೆ ಹೀಗೆ ಬಿಡಿಸಿದಾಗ, ಮೊದಲ ಸ್ಥಾನದವನ ಗೋಲುಗಳೆಲ್ಲ ಹೆಚ್ಚುಕಡಿಮೆ ಡ್ರ್ಯಾಗ್ ಫ್ಲಿಕ್, ಅಂದರೆ ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡನ್ನು ಸ್ಟಿಕ್‌ನಿಂದ ಎಳೆದು ಗೋಲಿನತ್ತ ಚಿಮ್ಮಿಸಿದ್ದು. ಆ ಕಾರ್ನರ್‌ಗಳನ್ನು ಗಿಟ್ಟಿಸಿದ್ದು ಇನ್ನೊಬ್ಬ ಹುಡುಗ. ಗೋಲಿನ ಮುಂದಿನ ಸರ್ಕಲ್‌ಗೆ ನುಗ್ಗಿ, ಡಿಫೆಂಡರ್ ಕಾಲಿಗೆ ಚೆಂಡು ತಾಗಿಸಿ, ಕಾರ್ನರ್ ಕೇಳಲು ಕೈ ಎತ್ತುತ್ತಿದ್ದ. ಅವನ ಹೆಸರು ಶೀಟಿನಲ್ಲಿ ಎಲ್ಲೂ ಇರಲಿಲ್ಲ! ಹಾಗಂತ ಫ್ಲಿಕ್ ಹೊಡೆಯುವವರನ್ನು ಸುಮ್ನೆ ತಳ್ಳಿಹಾಕಬೇಡಿ. ಅವರು ಬೇರೆ ಕೆಲಸವನ್ನೂ ಮಾಡುತ್ತಿರಬಹುದು: ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 10 ಗೋಲು ಹೊಡೆದ ಭಾರತದ ಡ್ರ್ಯಾಗ್ ಫ್ಲಿಕರ್ ಹರ್ಮನ್‌ಪ್ರೀತ್ ಸಿಂಗ್ ಆಡುವುದೇ ಡಿಫೆಂಡರ್ ಆಗಿ ಅಲ್ವಾ.

ಆಮೇಲೆ, ಪ್ರತಿ ಪಂದ್ಯ ಮುಗಿದ ಕೂಡಲೇ ಎರಡೂ ಕೋಚ್‌ಗಳಿಂದ ಎದುರು ತಂಡದ ಮೂವರ ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. 3, 2, 1 ಅಂಕ. ಸ್ವಂತ ತಂಡದವರ ಹೆಸರು ಬೇಡ. ಅಂಪೈರ್‌ಗಳಿಂದಲೂ ಒಂದು ಚೀಟಿ ಇಸ್ಕೊಳ್ಳಿ. ಫೈನಲ್‌ವರೆಗೆ ಕಾದರೆ ಮೊದಲ ವಾರದ ಆಟ ಯಾರಿಗೂ ನೆನಪಿರುವುದಿಲ್ಲ. ತಂಡಗಳು ಬೇರೆ ಬೇರೆ ಸಂಖ್ಯೆಯ ಪಂದ್ಯ ಆಡಿದ್ದರೆ ಸರಾಸರಿ ತೆಗೆಯಿರಿ.

ಗೋಲ್‌ಕೀಪರ್‌ಗೆ ಬೇರೆ ಪ್ರಶಸ್ತಿ ಇಡಿ. ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ (ಎಫ್‌ಐಎಚ್) ಮಾಡುವುದೂ ಅದನ್ನೇ: 2024ರಲ್ಲಿ ವರ್ಷದ ಆಟಗಾರ ಹರ್ಮನ್‌ಪ್ರೀತ್, ವರ್ಷದ ಗೋಲ್‌ಕೀಪರ್ ಶ್ರೀಜೇಶ್.

ಹಳದಿ ಕಾರ್ಡಿಗೆ ಎಷ್ಟು ಅಂಕ ಕಳೆಯಬೇಕು ಅನ್ನುವುದು ನನಗಿನ್ನೂ ಬಗೆಹರಿದಿಲ್ಲ. ನಾವು 2 ಕಳೆಯುತ್ತೇವೆ, ಕೆಲವರಿಗೆ ಅದು ಜಾಸ್ತಿ ಅನಿಸಿದೆ. ಎಷ್ಟೇ ಇಟ್ಟರೂ ಮೊದಲ ಪಂದ್ಯಕ್ಕೆ ಮುಂಚೆಯೇ ಎಲ್ಲ ತಂಡಗಳಿಗೆ ಬರೆದು ಕೊಡಿ.