ಕುಮಿಂಗಾ ಅವರನ್ನು ಈಗ ಬಿಟ್ಟುಕೊಡುವುದಕ್ಕಿಂತ ಎರಡು ವರ್ಷಕ್ಕೆ ಉಳಿಸಿಕೊಳ್ಳುವುದೇ ಲೇಸು

ನಮಸ್ಕಾರ. ಇದನ್ನು ಬರೆಯುತ್ತಿರುವುದು 2025ರ ಆಗಸ್ಟ್ ಕೊನೆಯಲ್ಲಿ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡವು, ಒಪ್ಪಂದ ಮುಗಿದಿರುವ ಜೊನಾಥನ್ ಕುಮಿಂಗಾ ಅವರನ್ನು ಬೇರೆ ತಂಡಗಳಾದ ಸ್ಯಾಕ್ರಮೆಂಟೊಗೋ ಫೀನಿಕ್ಸ್‌ಗೋ ಕೊಟ್ಟು, ಬದಲಿಗೆ ಬರುವವರನ್ನು ತೆಗೆದುಕೊಂಡು ಈ ಗೋಜಲನ್ನು ಏಕೆ ಮುಗಿಸಬಾರದು ಎಂದು ನೀವು ಕೇಳಿದ್ದೀರಿ. ಆಗಸ್ಟ್ 2025 ಮುಗಿಯುತ್ತ ಬಂದರೂ ಹೊರಗಿನ ಒಬ್ಬ ಆಟಗಾರನಿಂದಲೂ ಸಹಿ ಹಾಕಿಸದಿರುವುದು ಆಡಳಿತದ ಆಲಸ್ಯವೇ ಎಂಬುದು ನಿಮ್ಮ ಎರಡನೆಯ ಪ್ರಶ್ನೆ. ನನ್ನ ದೃಷ್ಟಿಯಲ್ಲಿ ಇದು ಆಲಸ್ಯವಲ್ಲ. ಕುಮಿಂಗಾ ಅವರ ವೇತನ ಎಷ್ಟೆಂದು ತೀರ್ಮಾನವಾಗುವವರೆಗೆ ಉಳಿದವರಿಗೆ ಎಷ್ಟು ಕೊಡಬಹುದು ಎಂಬ ಲೆಕ್ಕವೇ ಕೂಡಿಬರುವುದಿಲ್ಲ. ಅವರನ್ನು ಈಗಲೇ ಕೊಟ್ಟುಬಿಡಬೇಕೆಂಬ ಮಾತಿಗೆ ಮಾತ್ರ ನನ್ನ ಸಹಮತವಿಲ್ಲ; ಕಾರಣವನ್ನು ವಿವರವಾಗಿ ಬರೆಯುತ್ತೇನೆ.

ಮೊದಲು ಲೆಕ್ಕ ನೋಡೋಣ. ಇಲ್ಲಿ ವೇತನದ ಅಂಕಿಗಳೆಲ್ಲವೂ ಮಿಲಿಯನ್ ಡಾಲರ್‌ಗಳಲ್ಲಿವೆ. 2025-26ರ ಋತುವಿಗೆ ಸ್ಟೆಫನ್ ಕರಿ ಅವರಿಗೆ 59.6, ಜಿಮ್ಮಿ ಬಟ್ಲರ್ ಅವರಿಗೆ 54.1, ಡ್ರೇಮಂಡ್ ಗ್ರೀನ್ ಅವರಿಗೆ 25.9 ಸಲ್ಲಬೇಕು, ಮೂವರಿಗೇ 140ರ ಹತ್ತಿರ ಹೋಯಿತು. ಮೋಸೆಸ್ ಮೂಡಿ, ಬಡ್ಡಿ ಹೀಲ್ಡ್, ಬ್ರ್ಯಾಂಡಿನ್ ಪೊಡ್ಜೆಮ್ಸ್ಕಿ ಮತ್ತು ಮೂವರು ಕಿರಿಯರನ್ನು ಸೇರಿಸಿದರೆ ಒಂಬತ್ತು ಆಟಗಾರರಿಗೆ ಸುಮಾರು 170.5. ಲೀಗಿನ ವೇತನ ಮಿತಿ 154.6 ಮಾತ್ರ, ಅಂದರೆ ಅದನ್ನು ನಾವು ಎಂದೋ ದಾಟಿದ್ದೇವೆ. ಈಗ ನಮ್ಮನ್ನು ನಿಜವಾಗಿ ಕಟ್ಟಿಹಾಕುವುದು ಅದರ ಮೇಲಿನ ಎರಡು ಗೆರೆಗಳು: 195.9ರ ಮೊದಲನೆಯ ಏಪ್ರನ್ ಮತ್ತು 207.8ರ ಎರಡನೆಯ ಏಪ್ರನ್. ಕೆಲವು ವ್ಯವಹಾರಗಳನ್ನು ಮಾಡಿದೊಡನೆ ತಂಡವು ಈ ಗೆರೆಗಳಲ್ಲಿ ಒಂದನ್ನು ಆ ಋತುವಿಡೀ ದಾಟುವಂತಿಲ್ಲ. ಇದನ್ನೇ ಹಾರ್ಡ್ ಕ್ಯಾಪ್ ಎನ್ನುತ್ತಾರೆ.

ಈಗ ಸ್ಯಾಕ್ರಮೆಂಟೊದ ಪ್ರಸ್ತಾಪಕ್ಕೆ ಬರೋಣ. ವರದಿಗಳ ಪ್ರಕಾರ ಅವರು ಕೊಡುವುದು ಮಲಿಕ್ ಮಂಕ್ ಅವರನ್ನು ಮತ್ತು ಷರತ್ತಿಗೆ ಒಳಪಟ್ಟ 2030ರ ಮೊದಲ ಸುತ್ತಿನ ಡ್ರಾಫ್ಟ್ ಹಕ್ಕನ್ನು, ಅಂದರೆ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಹಕ್ಕನ್ನು.  ಮಂಕ್ ಒಳ್ಳೆಯ ಆಟಗಾರ, ಅಂಕ ಗಳಿಸಬಲ್ಲರು, ಚೆಂಡನ್ನು ಹಂಚಬಲ್ಲರು. ಆದರೆ ತೊಡಕು ಇರುವುದು, ಹೊಸ ಒಪ್ಪಂದಕ್ಕೆ ಸಹಿ ಹಾಕಿಸಿ ಕೂಡಲೇ ಬೇರೆ ತಂಡಕ್ಕೆ ಕೊಡುವ ಸೈನ್-ಆ್ಯಂಡ್-ಟ್ರೇಡ್ ನಿಯಮದಲ್ಲಿ. ಕುಮಿಂಗಾ ಅವರ ಹಳೆಯ ವೇತನ 7.6, ಹೊಸದು 22 ಎಂದಿಟ್ಟುಕೊಂಡರೆ, ಏರಿಕೆ ಇಷ್ಟು ದೊಡ್ಡದಾದ್ದರಿಂದ ನಮ್ಮ ಕಡೆಯ ಲೆಕ್ಕಕ್ಕೆ ಅದರ ಅರ್ಧ, ಅಂದರೆ 11 ಮಾತ್ರ ಹೊರಹೋದಂತೆ ಆಗುತ್ತದೆ. ಆದರೆ ಒಳಬರುವ ಮಂಕ್ ಅವರ ವೇತನ 18.8. ಹೊರಹೋದದ್ದಕ್ಕಿಂತ ಹೆಚ್ಚು ಒಳತಂದ ತಂಡಕ್ಕೆ ಮೊದಲನೆಯ ಏಪ್ರನ್‌ನಲ್ಲೇ ಹಾರ್ಡ್ ಕ್ಯಾಪ್ ಬೀಳುತ್ತದೆ. ಆಗ ಹತ್ತು ಆಟಗಾರರಿಗೆ 189.3 ಆಗಿ, ಉಳಿಯುವುದು 6.6 ಮಾತ್ರ. ತಂಡಕ್ಕೆ ಕನಿಷ್ಠ ಹದಿನಾಲ್ಕು ಜನ ಬೇಕು, ಅನುಭವಿ ಆಟಗಾರನ ಕನಿಷ್ಠ ವೇತನವೇ 2.3, ನಾಲ್ವರಿಗೆ 9.2. ಲೆಕ್ಕ ಅಲ್ಲಿಗೇ ತಪ್ಪಿಹೋಯಿತು. ಅದನ್ನು ಕೂಡಿಸಬೇಕಾದರೆ ಮೂಡಿ ಅಥವಾ ಹೀಲ್ಡ್ ಅವರನ್ನೂ ಜೊತೆಗೆ ಕಳುಹಿಸಬೇಕು. ಅಷ್ಟೆಲ್ಲ ಮಾಡಿದ ಮೇಲೂ ಎತ್ತರದ ಆಟಗಾರನೊಬ್ಬನನ್ನು ತರಲು ಕೈಯಲ್ಲಿ ಹಣವಿರುವುದಿಲ್ಲ. ಫೀನಿಕ್ಸ್‌ನ ಪ್ರಸ್ತಾಪ ರಾಯ್ಸ್ ಓ'ನೀಲ್ ಅವರ ಸುತ್ತ ಇದ್ದು, ಇದಕ್ಕಿಂತಲೂ ಬಡವಾಗಿದೆ. ಅದರ ಮೇಲೆ ಹೆಚ್ಚು ಬರೆಯಬೇಕಾಗಿಲ್ಲ.

ಹಾಗಾದರೆ ಕುಮಿಂಗಾ ಅವರು 7.98ರ ಕ್ವಾಲಿಫೈಯಿಂಗ್ ಆಫರ್ ಅನ್ನು, ಅಂದರೆ ತಂಡವು ಮುಂದಿಟ್ಟಿರುವ ಒಂದು ವರ್ಷದ ಒಪ್ಪಂದವನ್ನು ಒಪ್ಪಿಕೊಂಡರೆ ತಂಡಕ್ಕೆ ಹಣ ಉಳಿಯುತ್ತದಲ್ಲವೇ ಎಂದು ನಮ್ಮ ಅಭಿಮಾನಿ ಗುಂಪಿನ ಇನ್ನೊಬ್ಬರು ಕೇಳಿದ್ದಾರೆ. ಹಣ ಉಳಿಯುತ್ತದೆ, ನಿಜ. ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟ ದಾರಿ ಅದೇ. ಆ ಒಂದು ವರ್ಷದ ಒಪ್ಪಂದದಡಿ ಅವರ ಒಪ್ಪಿಗೆಯಿಲ್ಲದೆ ಅವರನ್ನು ಟ್ರೇಡ್ ಮಾಡುವಂತಿಲ್ಲ, ಮತ್ತು 2026ರ ಬೇಸಿಗೆಯಲ್ಲಿ ಅವರು ಯಾವ ತಂಡಕ್ಕಾದರೂ ಹೋಗಬಹುದು, ನಮಗೆ ಬದಲಿಗೆ ಏನೂ ಸಿಗುವುದಿಲ್ಲ. 2021ರ ಡ್ರಾಫ್ಟ್‌ನಲ್ಲಿ ಏಳನೆಯವರಾಗಿ ಆಯ್ಕೆಯಾದ ಆಟಗಾರನನ್ನು ಹೀಗೆ ಬರಿಗೈಯಲ್ಲಿ ಕಳೆದುಕೊಳ್ಳುವುದು ಸಲ್ಲದು. ಉಳಿದ ಹಣದಿಂದ 14.1ರ ದೊಡ್ಡ ಮಿಡ್-ಲೆವೆಲ್ (ವೇತನ ಮಿತಿ ದಾಟಿದ ತಂಡಕ್ಕೂ ಹೊಸಬನನ್ನು ತರಲು ಸಿಗುವ ವಿನಾಯಿತಿ) ಬಳಸಿ ಒಳ್ಳೆಯ ಆಟಗಾರನನ್ನು ತರಬಹುದೆಂಬ ವಾದವೂ ನಿಲ್ಲುವುದಿಲ್ಲ. ಅದನ್ನು ಬಳಸಿದರೂ ಮೊದಲನೆಯ ಏಪ್ರನ್‌ನಲ್ಲೇ ಹಾರ್ಡ್ ಕ್ಯಾಪ್ ಬೀಳುತ್ತದೆ, ಮತ್ತು ಕೊನೆಯ ಮೂವರಿಗೆ ಬೇಕಾದ 6.9ರ ಜಾಗದಲ್ಲಿ 3.3 ಮಾತ್ರ ಉಳಿದಿರುತ್ತದೆ.

ಆದ್ದರಿಂದ ನನಗೆ ಸರಿಯೆನಿಸುವ ದಾರಿ ಹೀಗಿದೆ. ಹೆಚ್ಚಿನ ವೇತನಕ್ಕಾಗಿ ಲೀಗಿಗೆ ತೆರಿಗೆ ಕಟ್ಟುವ ತಂಡಗಳಿಗಿರುವ 5.7ರ ಚಿಕ್ಕ ಮಿಡ್-ಲೆವೆಲ್ ಅನ್ನು ಬಳಸಿದರೆ ಹಾರ್ಡ್ ಕ್ಯಾಪ್ ಎರಡನೆಯ ಏಪ್ರನ್‌ನಲ್ಲಿ, ಅಂದರೆ 207.8ರಲ್ಲಿ ಬೀಳುತ್ತದೆ. ನಮ್ಮ 170.5ರ ಮೇಲೆ ಉಳಿದಿರುವ 37.3ರಲ್ಲಿ ಈ 5.7 ಮತ್ತು ಮೂವರ ಕನಿಷ್ಠ ವೇತನವಾದ 6.9 ಕಳೆದರೆ, ಕುಮಿಂಗಾ ಅವರಿಗೆ ಕೊಡಬಹುದಾದ ಗರಿಷ್ಠ ಮೊತ್ತ 24.7ರ ಹತ್ತಿರ ನಿಲ್ಲುತ್ತದೆ. ತಂಡವು ಎರಡು ವರ್ಷಕ್ಕೆ 45 ಕೊಡಲು ಸಿದ್ಧವಿದ್ದು, ಎರಡನೆಯ ವರ್ಷವನ್ನು ಮುಂದುವರಿಸುವ ಅಥವಾ ಕೈಬಿಡುವ ಆಯ್ಕೆಯನ್ನು ತನ್ನ ಬಳಿಯೇ ಇಟ್ಟುಕೊಳ್ಳಬಯಸುತ್ತಿದೆ ಎಂದು ವರದಿಯಾಗಿದೆ. ನಾನಾಗಿದ್ದರೆ ಮೊದಲ ವರ್ಷದ ವೇತನವನ್ನು 24ರವರೆಗೆ ಏರಿಸುತ್ತಿದ್ದೆ, ಆದರೆ ಆ ಆಯ್ಕೆಯ ಹಕ್ಕನ್ನು ಮಾತ್ರ ಬಿಟ್ಟುಕೊಡುತ್ತಿರಲಿಲ್ಲ. ಏಕೆಂದರೆ ಅವರನ್ನು ಕೊಳ್ಳುವ ತಂಡಕ್ಕೂ ಅದೇ ಆಕರ್ಷಣೆ: ಒಗ್ಗಿದರೆ ಉಳಿಸಿಕೊಳ್ಳಬಹುದು, ಇಲ್ಲವಾದರೆ ಬೇಸಿಗೆಯಲ್ಲಿ ಆ ಹಣ ಅವರ ಲೆಕ್ಕದಿಂದ ಇಳಿಯುತ್ತದೆ. ಇಂಥ ಒಪ್ಪಂದದ ಆಟಗಾರನನ್ನು 2026ರ ಜನವರಿ 15ರ ನಂತರವೇ ಟ್ರೇಡ್ ಮಾಡಲು ಸಾಧ್ಯ. ಟ್ರೇಡ್ ಗಡುವು ಫೆಬ್ರವರಿ 5. ಆ ಮೂರು ವಾರಗಳಲ್ಲಿ 24ರ ವೇತನ ಪೂರ್ತಿಯಾಗಿ ಲೆಕ್ಕಕ್ಕೆ ಬರುತ್ತದೆ, ಈಗಿನಂತೆ ಅರ್ಧಕ್ಕೆ ಇಳಿಯುವುದಿಲ್ಲ. ಕರಿ, ಬಟ್ಲರ್, ಗ್ರೀನ್ ಮೂವರನ್ನು ಮುಟ್ಟದೆ ದೊಡ್ಡ ವೇತನದ ಆಟಗಾರನನ್ನು ತರಲು ನಮಗಿರುವ ಸಾಧನ ಅದೊಂದೇ.

ಇಷ್ಟು ಹೇಳುವಾಗ ಕುಮಿಂಗಾ ಅವರನ್ನು ಬರಿಯ ವೇತನದ ಅಂಕಿಯಾಗಿ ಕಾಣುವುದು ಅನ್ಯಾಯ. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಗೋಮಾದಿಂದ ಬಂದ, ಇನ್ನೂ 22ರ ಹರೆಯದ ಈ ಆಟಗಾರ 2025ರ ಜನವರಿಯಲ್ಲಿ ಪಾದದ ಕೀಲು ಉಳುಕಿ ಹೊರಗುಳಿಯುವವರೆಗೆ ಚೆನ್ನಾಗಿಯೇ ಆಡುತ್ತಿದ್ದರು. ಅವರು ಮರಳುವಷ್ಟರಲ್ಲಿ ಬಟ್ಲರ್ ಬಂದಾಗಿತ್ತು, 25 ಗೆಲುವು 26 ಸೋಲಿನಲ್ಲಿದ್ದ ತಂಡ 48-34ಕ್ಕೆ ಏರುವ ಓಟದಲ್ಲಿತ್ತು, ಮತ್ತು ಬಟ್ಲರ್, ಗ್ರೀನ್, ಕುಮಿಂಗಾ ಒಟ್ಟಿಗೆ ಅಂಕಣದಲ್ಲಿದ್ದರೆ ದೂರದಿಂದ ಎಸೆಯಬಲ್ಲವರು ಸಾಲದೆ ಎದುರಾಳಿಗಳು ಕರಿ ಅವರೊಬ್ಬರ ಮೇಲೆಯೇ ಮುಗಿಬೀಳುತ್ತಿದ್ದರು. ಮೆಂಫಿಸ್ ವಿರುದ್ಧದ ಪ್ಲೇ-ಇನ್ (ಪ್ಲೇಆಫ್ ಪ್ರವೇಶದ) ಪಂದ್ಯದಲ್ಲಿ ತರಬೇತುದಾರ ಸ್ಟೀವ್ ಕರ್, ಕುಮಿಂಗಾ ಅವರನ್ನು ಆಡಿಸಲೇ ಇಲ್ಲ. ಆದರೂ ಮಿನೆಸೋಟ ಸರಣಿಯ ಮೊದಲ ಪಂದ್ಯದಲ್ಲಿ ಕರಿ ಅವರ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಹಿಡಿದುಕೊಂಡು ಅವರು ಹೊರಬಿದ್ದಾಗ, ಮೂರನೆಯ ಪಂದ್ಯದಲ್ಲಿ 30 ಅಂಕ ಗಳಿಸಿದ್ದು ಇದೇ ಕುಮಿಂಗಾ. ಅವರು ಕೆಟ್ಟ ಆಟಗಾರರಲ್ಲ. ಈ ಮೂವರು ಹಿರಿಯರ ನಡುವೆ ಅವರಿಗೆ ಜಾಗವಿಲ್ಲ ಅಷ್ಟೇ. ಬೇರೆ ತಂಡವೊಂದು ಅವರಲ್ಲಿ ನಮಗಿಂತ ಹೆಚ್ಚಿನ ಬೆಲೆ ಕಾಣುವುದು ಖಂಡಿತ ಸಾಧ್ಯ, ಆದ್ದರಿಂದಲೇ ಅಗ್ಗಕ್ಕೆ ಕೊಡಬಾರದು ಎನ್ನುತ್ತೇನೆ.

ಆ 5.7ರ ಚಿಕ್ಕ ಮಿಡ್-ಲೆವೆಲ್ ಯಾರಿಗೆ ಹೋಗಬೇಕೆಂಬುದರಲ್ಲಿ ನನಗೆ ಅನುಮಾನವೇ ಇಲ್ಲ: ಎತ್ತರದ ಅನುಭವಿ ಆಟಗಾರ ಆಲ್ ಹಾರ್ಫರ್ಡ್. ಹ್ಯೂಸ್ಟನ್ ವಿರುದ್ಧ 3-1ರಿಂದ ಮುಂದಿದ್ದ ನಾವು ಏಳನೆಯ ಪಂದ್ಯದವರೆಗೆ ಏಕೆ ಎಳೆದಾಡಿದೆವೆಂದು ನೆನಪಿಸಿಕೊಳ್ಳಿ. ಸ್ಟೀವನ್ ಆ್ಯಡಮ್ಸ್ ಮತ್ತು ಆಲ್ಪೆರನ್ ಶೆಂಗೂನ್ ಒಟ್ಟಿಗೆ ನಿಂತಾಗ, ಬುಟ್ಟಿಗೆ ಬೀಳದೆ ಪುಟಿದ ಚೆಂಡುಗಳು, ಅಂದರೆ ರಿಬೌಂಡ್‌ಗಳೆಲ್ಲ ಅವರ ಪಾಲಾಗುತ್ತಿದ್ದವು. ಕೊನೆಗೆ ಹೀಲ್ಡ್ ಅವರ 33 ಅಂಕಗಳು ನಮ್ಮನ್ನು ದಡ ಸೇರಿಸಿದವು. ಜುಲೈನಲ್ಲಿ ನಮ್ಮ ಎತ್ತರದ ಆಟಗಾರ ಕೆವಾನ್ ಲೂನಿ ಕೂಡ ನ್ಯೂ ಆರ್ಲಿಯನ್ಸ್‌ಗೆ ಹೋಗಿದ್ದಾರೆ. ಹಾರ್ಫರ್ಡ್ ಅವರಿಗೆ 39 ವರ್ಷ, ಸತತ ಎರಡು ದಿನ ಪಂದ್ಯವಿದ್ದರೆ ಒಂದನ್ನು ಬಿಡಬೇಕಾಗುತ್ತದೆ, ಇದೆಲ್ಲ ಗೊತ್ತಿರುವುದೇ. ಆದರೆ ಅವರು ಕಳೆದ ಋತುವಿನಲ್ಲಿ ಬಾಸ್ಟನ್ ಪರ ಶೇ. 36ರ ದರದಲ್ಲಿ ಮೂರು ಅಂಕದ ಎಸೆತಗಳನ್ನು ಹಾಕಿದವರು. ಅಂಥ ಸೆಂಟರ್ (ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರ) ಹೊರಗೆ ನಿಂತರೆ ಎದುರಾಳಿಯ ಎತ್ತರದ ಆಟಗಾರನೂ ಬುಟ್ಟಿಯಿಂದ ದೂರ ಬರಲೇಬೇಕು, ಆಗ ಬಟ್ಲರ್ ಅವರಿಗೆ ಒಳನುಗ್ಗಲು ದಾರಿಯಾಗುತ್ತದೆ. ಗ್ರೀನ್ ಅವರು 35ರ ವಯಸ್ಸಿನಲ್ಲಿ ಋತುವಿಡೀ ತಮಗಿಂತ ಅರ್ಧ ಅಡಿ ಎತ್ತರದವರನ್ನು ಎದುರಿಸುವುದೂ ತಪ್ಪುತ್ತದೆ. ಹಾರ್ಫರ್ಡ್ ವಿಶ್ರಾಂತಿಯಲ್ಲಿರುವ ದಿನ ನಮ್ಮ ತಂಡದ ಕಿರಿಯ ಕ್ವಿಂಟನ್ ಪೋಸ್ಟ್ ಆ ಕೆಲಸ ಮಾಡಬಲ್ಲರು. ಮೊದಲ ಋತುವಿನಲ್ಲೇ ಅವರ ಎಸೆತ ಶೇ. 40ನ್ನು ದಾಟಿತ್ತು.

ಮಿಲ್ವಾಕೀ ತಂಡದ ತಾರೆ ಯಾನಿಸ್ ಆಂಟೆಟೊಕೌಂಪೊ ಅವರನ್ನು ತರೋಣವೆಂಬ ಸಲಹೆಗೆ ಚಿಕ್ಕ ಉತ್ತರ. ಅವರ ವೇತನವೂ 54.1, ಅಂದರೆ ಬಟ್ಲರ್ ಅವರನ್ನೇ ಕಳುಹಿಸಬೇಕು, ಇಲ್ಲವೇ ಅರ್ಧ ತಂಡವನ್ನು ಕಟ್ಟಿಕೊಡಬೇಕು. ಮೇಲಾಗಿ ಡೇಮಿಯನ್ ಲಿಲ್ಲಾರ್ಡ್ ಅವರ ಒಪ್ಪಂದವನ್ನೇ ಕಳಚಿಹಾಕಿ ಮೈಲ್ಸ್ ಟರ್ನರ್ ಅವರನ್ನು ತಂದ ಮಿಲ್ವಾಕೀ, ಯಾನಿಸ್ ಅವರನ್ನು ಉಳಿಸಿಕೊಳ್ಳಲು ಹೊರಟಿದೆಯೇ ಹೊರತು ಮಾರಲು ಅಲ್ಲ.

ಉಳಿದ ಮೂರು ಕನಿಷ್ಠ ವೇತನದ ಜಾಗಗಳಲ್ಲಿ ಮೊದಲನೆಯದು ಡಿ'ಆ್ಯಂಥನಿ ಮೆಲ್ಟನ್ ಅವರಿಗೆ ಸಲ್ಲಬೇಕು. ಕಳೆದ ನವೆಂಬರ್‌ನಲ್ಲಿ ಮೊಣಕಾಲಿನ ಎಸಿಎಲ್ ಅಸ್ಥಿರಜ್ಜು ಹರಿಯುವ ಮೊದಲು ಕರಿ ಅವರ ಪಕ್ಕದಲ್ಲಿ ಅಷ್ಟು ಚೆನ್ನಾಗಿ ಹೊಂದಿಕೊಂಡ ರಕ್ಷಣಾ ಆಟಗಾರ ನಮಗೆ ಮತ್ತೆ ಸಿಗಲಿಲ್ಲ. ಎರಡನೆಯದು ಗ್ಯಾರಿ ಪೇಟನ್ II ಅವರಿಗೆ, ಏಕೆಂದರೆ ಕರ್ ಅವರ ವ್ಯವಸ್ಥೆ ಅವರಿಗೆ ಕರತಲಾಮಲಕ. ಮೂರನೆಯದಕ್ಕೆ ಸ್ಟೆಫನ್ ಅವರ ತಮ್ಮ ಸೆತ್ ಕರಿ ಅವರ ಹೆಸರು ಕೇಳಿಬರುತ್ತಿದೆ. ಕಳೆದ ಋತುವಿನಲ್ಲಿ ಮೂರು ಅಂಕದ ಎಸೆತಗಳ ದರದಲ್ಲಿ ಇಡೀ ಲೀಗಿಗೆ ಮೊದಲಿಗರಾದವರು ಬೇಡವೆಂದು ಹೇಳುವುದು ಕಷ್ಟ. ಆದರೂ ಹೀಲ್ಡ್ ಈಗಾಗಲೇ ಇರುವುದರಿಂದ ನಾನು ಆ ಜಾಗವನ್ನು ಇನ್ನೊಬ್ಬ ಎತ್ತರದ ಆಟಗಾರನಿಗೆ ಕಾದಿರಿಸುತ್ತಿದ್ದೆ.

ಕೊನೆಯದಾಗಿ, ಜನವರಿಯಲ್ಲಿ ಕುಮಿಂಗಾ ಅವರ ಜೊತೆಗೆ ಎಷ್ಟು ಡ್ರಾಫ್ಟ್ ಹಕ್ಕುಗಳನ್ನು ಸೇರಿಸಬಹುದೆಂದು ಕೇಳಿದ್ದೀರಿ. ಕರಿ ಮತ್ತು ಬಟ್ಲರ್ ಅವರ ಒಪ್ಪಂದಗಳು 2027ರ ಬೇಸಿಗೆಗೆ ಮುಗಿಯುತ್ತವೆ, ಗ್ರೀನ್ ಅವರದೂ ಅದರಾಚೆಗೆ ಹೋಗುವುದಿಲ್ಲ. ಆದ್ದರಿಂದ ಬರುವ ಆಟಗಾರನು ಎರಡು ಋತು ನಮ್ಮೊಡನೆ ಇರುವವನಾದರೆ ಮೊದಲ ಸುತ್ತಿನ ಒಂದು ಹಕ್ಕನ್ನು ಷರತ್ತಿಲ್ಲದೆಯೇ ಕೊಡಬಹುದು. ಷಿಕಾಗೋದ ನಿಕೊಲಾ ವೂಚೆವಿಚ್ ಅವರಂತೆ 2026ರಲ್ಲೇ ಒಪ್ಪಂದ ಮುಗಿಯುವವರಿಗಾಗಿ ಆ ಹಕ್ಕನ್ನು ಮುಟ್ಟಲೇಬಾರದು. ಕ್ವಾಲಿಫೈಯಿಂಗ್ ಆಫರ್‌ನ ಗಡುವು ಅಕ್ಟೋಬರ್ 1; ಹಾರ್ಫರ್ಡ್ ಮತ್ತು ಮೆಲ್ಟನ್ ಅವರ ಸಹಿಯ ಸುದ್ದಿಯನ್ನು ಅದರ ಆಸುಪಾಸಿನಲ್ಲಿ ನಿರೀಕ್ಷಿಸಬಹುದು.