ಅಪ್ಪನ ಯಾಶಿಕಾ ಕ್ಯಾಮೆರಾ ಈಬೇ ಹರಾಜಿಗೆ ಎರಡು ಸಲ ಹಾಕಿದೆ, ಯಾರೂ ಕೂಗಲಿಲ್ಲ. ಏನು ಬರೆದರೆ ಹೋಗುತ್ತದೆ?

ತೀರ್ಥಹಳ್ಳಿಯ ಮನೆಯಿಂದ ತಂದ ಯಾಶಿಕಾ ಎಲೆಕ್ಟ್ರೋ 35 ಜಿಎಸ್ಎನ್. ನೀವು ಕೊಟ್ಟ ಶೀರ್ಷಿಕೆ: 'ಅಪರೂಪದ ಸುಂದರ ಹಳೇ ಕ್ಯಾಮೆರಾ, ಟೆಸ್ಟ್ ಮಾಡಿಲ್ಲ'. ಬೇಜಾರಾಗಬೇಡಿ, ಇದರಲ್ಲಿ ಕೆಲಸಕ್ಕೆ ಬರುವ ಪದ 'ಕ್ಯಾಮೆರಾ' ಒಂದೇ. ನಾನು ಬರ್ಮಿಂಗ್‌ಹ್ಯಾಮ್‌ನಲ್ಲಿ ಆರೇಳು ವರ್ಷದಿಂದ, ಸಂಬಳದ ಕೆಲಸದ ಜೊತೆಗೆ, ಹಳೇ ಫಿಲ್ಮ್ ಕ್ಯಾಮೆರಾ ಮಾರುತ್ತಿದ್ದೇನೆ. ಮೊದಮೊದಲು ನಾನೂ ಹೀಗೇ ಬರೆಯುತ್ತಿದ್ದೆ.

ಈಬೇಯಲ್ಲಿ ಸುಮ್ನೆ ಹುಡುಕಿದರೆ ಅದು ನೋಡುವುದು ಶೀರ್ಷಿಕೆಯನ್ನು ಮಾತ್ರ, ಕೆಳಗಿನ ವಿವರಣೆಯನ್ನಲ್ಲ. ಅಲ್ಲಿ ನಿಮಗಿರುವುದು 80 ಅಕ್ಷರ. 'ಸುಂದರ' ಅಂತ ಟೈಪ್ ಮಾಡಿ ಯಾರು ಹುಡುಕುತ್ತಾರೆ? ಬ್ರ್ಯಾಂಡು, ಮಾಡೆಲ್ಲು, 35ಎಂಎಂ ಫಿಲ್ಮ್, ರೇಂಜ್‌ಫೈಂಡರ್ (ಫೋಕಸ್ ಮಾಡುವ ಬಗೆಯ ಹೆಸರು), 45ಎಂಎಂ ಎಫ್1.7 ಲೆನ್ಸ್, ಕೊನೆಗೆ ಈಗಿನ ಸ್ಥಿತಿ. ಇಷ್ಟು ಸಾಕು. 'ಜಿಎಸ್ಎನ್' ಬಿಡಲೇಬೇಡಿ, ಆ ಮೂರಕ್ಷರ ಹಾಕಿಯೇ ಹುಡುಕುವವರು ಇದ್ದಾರೆ.

ಇನ್ನು 'ಟೆಸ್ಟ್ ಮಾಡಿಲ್ಲ' ಅನ್ನುವುದು. ಹಳೇ ಸಾಮಾನು ಕೊಳ್ಳುವವರು ಇದನ್ನು 'ಟೆಸ್ಟ್ ಮಾಡಿದೆ, ಕೆಟ್ಟಿದೆ, ಹೇಳಲು ನಾಚಿಕೆ' ಅಂತಲೇ ಓದುತ್ತಾರೆ. ನಾನೂ ಹಾಗೇ ಓದುತ್ತೇನೆ. ಅರ್ಧ ಗಂಟೆ ಕೂತು ನೋಡಿಬಿಡಿ.

ಶಟರ್ ಕ್ಲಿಕ್ ಅನ್ನುತ್ತದೆ, ಹಾಗಾಗಿ ಸರಿ ಇರಬೇಕು ಅಂತ ಬರೆದಿದ್ದೀರಿ. ಈ ಕ್ಯಾಮೆರಾ ಬ್ಯಾಟರಿ ಇಲ್ಲದೆಯೂ ಕ್ಲಿಕ್ ಅನ್ನುತ್ತದೆ, ಆದರೆ ಸೆಕೆಂಡಿನ 1/500 ಭಾಗದ ವೇಗದಲ್ಲಿ ಮಾತ್ರ. ಹಾಗಾಗಿ ಬರೀ ಕ್ಲಿಕ್ ನಂಬಬೇಡಿ, ಬ್ಯಾಟರಿ ಹಾಕಿಯೇ ನೋಡಬೇಕು. ಇದರ ಮೂಲ ಪಾದರಸದ ಬ್ಯಾಟರಿ ಈಗ ಬರುವುದಿಲ್ಲ. ಅಡಾಪ್ಟರ್ ಜೊತೆ 6 ವೋಲ್ಟಿನ ಚಿಕ್ಕ ಬ್ಯಾಟರಿ ಹಾಕಿ. ಮಂದ ಬೆಳಕಿನ ಕೋಣೆಯಲ್ಲಿ ಬಟನ್ ಅರ್ಧ ಒತ್ತಿದರೆ ಹಳದಿ ದೀಪ ಹತ್ತಬೇಕು. ಫಿಲ್ಮ್ ಎಳೆಯುವ ಲಿವರ್ ಎಳೆಯುವಾಗ ಒಳಗೆ 'ಟಕ್' ಅಂತ ದಪ್ಪ ಸದ್ದು ಬರಬೇಕು. ಬರದಿದ್ದರೆ ಒಳಗಿನ ಚಿಕ್ಕ ರಬ್ಬರ್ ಪ್ಯಾಡ್ ಪುಡಿಯಾಗಿದೆ ಅಂತ. ಈ ಮಾಡೆಲ್ ಬಲ್ಲವರು ಮೊದಲು ಕೇಳುವುದೇ ಆ ಸದ್ದಿನ ಬಗ್ಗೆ. 'ಟಕ್ ಸದ್ದು ಇದೆ' ಅಂತ ಒಂದು ಸಾಲು ಬರೆದರೆ ಅವರಿಗೆ ಅರ್ಧ ಧೈರ್ಯ ಬರುತ್ತದೆ.

ಆಮೇಲೆ ಲೆನ್ಸ್. ಬ್ಯಾಟರಿ ಹಾಕಿಕೊಂಡೇ ಹಿಂದಿನ ಬಾಗಿಲು ತೆರೆಯಿರಿ, 'ಬಿ'ಗೆ (ಬಟನ್ ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದೇ ಇರುವ ಗುರುತು) ತಿರುಗಿಸಿ, ಬಟನ್ ಒತ್ತಿ ಹಿಡಿದು ಮೊಬೈಲ್ ಟಾರ್ಚ್ ಬಿಡಿ. ಜೇಡರ ಬಲೆಯ ಎಳೆಗಳ ಹಾಗೆ ಕಂಡರೆ ಅದು ಫಂಗಸ್. ಮಲೆನಾಡಿನ ಮಳೆಗಾಲ, ಅದರ ಮೇಲೆ ಚರ್ಮದ ಕೇಸ್. ಇರುವ ಸಾಧ್ಯತೆ ಜಾಸ್ತಿ.

ಇದ್ದರೆ ಮುಚ್ಚಿಡಬೇಡಿ. ನಾನು ಒಂದು ಸಲ ಲೆನ್ಸ್ ಅಂಚಿನಲ್ಲಿದ್ದ ಫಂಗಸ್ ಬಗ್ಗೆ ಬರೆಯಲಿಲ್ಲ, ಇಷ್ಟು ಸಣ್ಣದು ಯಾರಿಗೆ ಕಾಣುತ್ತದೆ ಅಂದುಕೊಂಡು. ಎರಡೇ ದಿನದಲ್ಲಿ ಫೋಟೋ ಸಮೇತ ದೂರು ಬಂತು. ದುಡ್ಡು ವಾಪಸ್, ಎರಡೂ ಕಡೆಯ ಅಂಚೆ ಖರ್ಚು ನನ್ನ ತಲೆಗೆ. ತಪ್ಪು ನನ್ನದೇ. ಈಗ ಕುಂದಿನಿಂದಲೇ ಶುರು ಮಾಡುತ್ತೇನೆ: 'ಮುಂದಿನ ಗಾಜಿನ ಅಂಚಿನಲ್ಲಿ ಫಂಗಸ್ ಇದೆ, 5ನೇ ಫೋಟೋ ನೋಡಿ. ಹಿಂಬಾಗಿಲಿನಲ್ಲಿ ಬೆಳಕು ತಡೆಯುವ ಫೋಮ್ ಅಂಟಂಟಾಗಿದೆ, ಬದಲಿಸಬೇಕು. ಬೆಳಕು ಅಳೆಯುವ ಮೀಟರ್ ಕೆಲಸ ಮಾಡುತ್ತಿದೆ.' ಕೆಟ್ಟಿದ್ದನ್ನೂ ಕೊಳ್ಳುವವರಿದ್ದಾರೆ. 1995ರಲ್ಲಿ ಈಬೇ ಶುರುವಾದಾಗ ಅದರ ಸ್ಥಾಪಕ ಪಿಯೆರ್ ಒಮಿಡ್ಯಾರ್ ಮಾರಿದ್ದೇ ಒಂದು ಕೆಟ್ಟ ಲೇಸರ್ ಪಾಯಿಂಟರ್, 14.83 ಡಾಲರಿಗೆ!

ಅಪ್ಪನ ಬಗ್ಗೆ ಬರೆದ ಮೂರು ಪ್ಯಾರಾ ಚೆನ್ನಾಗಿದೆ, ಆದರೆ ಅದನ್ನು ಮನೆಯವರಿಗೆ ಓದಿಸಿ. ಇಲ್ಲಿ 'ಮೊದಲಿಂದಲೂ ಒಬ್ಬರೇ ಬಳಸಿದ್ದು' ಅಂದರೆ ಸಾಕು.

ಫೋಟೋ ಕಿಟಕಿ ಪಕ್ಕದ ಬೆಳಕಿನಲ್ಲಿ ತೆಗೆಯಿರಿ, ಫ್ಲಾಶ್ ಬೇಡ. ಬ್ಯಾಟರಿ ಗೂಡಿನ ಒಳಗಿನದೂ ಒಂದಿರಲಿ, ಹಸಿರು ತುಕ್ಕು ಇದೆಯಾ ಅಂತ ಎಲ್ಲರೂ ನೋಡುತ್ತಾರೆ. ಬೆಲೆಗೆ, ಮಾರಾಟವಾದ ಸಾಮಾನುಗಳ ಫಿಲ್ಟರ್ ಹಾಕಿ ಇದೇ ಮಾಡೆಲ್ ಎಷ್ಟಕ್ಕೆ ಹೋಗಿದೆ ನೋಡಿ. 99 ಪೆನ್ನಿಯಿಂದ ಶುರು ಮಾಡಿ ಅನ್ನುವವರ ಮಾತು ಕೇಳಬೇಡಿ. ಒಬ್ಬನೇ ಕೂಗಿದರೆ ಅಪ್ಪನ ಕ್ಯಾಮೆರಾ 99 ಪೆನ್ನಿಗೇ ಹೋಗುತ್ತದೆ. ಎಷ್ಟಕ್ಕೆ ಹೋದರೆ ಹೊಟ್ಟೆ ಉರಿಯುವುದಿಲ್ಲವೋ ಅಲ್ಲಿಂದ ಶುರು ಮಾಡಿ.

ಟಾರ್ಚ್ ಬಿಟ್ಟು ನೋಡಿದ ಮೇಲೆ ಏನು ಕಂಡಿತು ತಿಳಿಸಿ, ಆ ಸಾಲನ್ನು ಹೇಗೆ ಬರೆಯಬೇಕು ಅಂತ ನೋಡೋಣ.