ಕರಡಿಗೆ ಬಿಚ್ಚಿದ ಕೈ

ನನ್ನ ಬಳಿ ಆಪ್ತಸಲಹೆಗೆ ಬಂದವರೊಬ್ಬರ ಕಥೆ ಇದು, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಧಾರವಾಡದ ಕಡೆಯ ಲಿಂಗಾಯತ ಹೆಣ್ಣುಮಗಳು, ಅರವತ್ತರ ಹತ್ತಿರ. ಲಕ್ವಾ ಹೊಡೆದ ಗಂಡನನ್ನು ಎಂಆರ್‌ಐಗೆ ಒಯ್ದಿದ್ದರು. ಒಳಗೆ ಲೋಹ ಇರಬಾರದು ಎಂದದ್ದಕ್ಕೆ ಗಂಡನ ಕೊರಳಿನ ಬೆಳ್ಳಿ ಕರಡಿಗೆಯನ್ನು, ಅಂದರೆ ಇಷ್ಟಲಿಂಗ ಇಟ್ಟುಕೊಳ್ಳುವ ಡಬ್ಬಿಯನ್ನು, ಇವರೇ ಬಿಚ್ಚಿದರು. ಮೂರನೇ ದಿನ ಅವರು ತೀರಿಕೊಂಡರು. ಮಣ್ಣಿಗೆ ಬಂದವರೊಬ್ಬರು ‘ಲಿಂಗ ತೆಗದ್ರಿ, ಜೀವ ಹೋತು’ ಅಂದರು. ಅಂದಿನಿಂದ ಹದಿನಾಲ್ಕು ತಿಂಗಳು ಇವರು ತಮ್ಮ ಇಷ್ಟಲಿಂಗವನ್ನು ಪೂಜೆಗೆ ಕೈಗೆ ತೆಗೆದುಕೊಂಡಿರಲಿಲ್ಲ.

ಲಕ್ವಾ ಹೊಡೆದದ್ದು ಮೊದಲು, ಕರಡಿಗೆ ಬಿಚ್ಚಿದ್ದು ಆಮೇಲೆ. ಮಗ ಇದನ್ನು ನೂರು ಸಲ ಹೇಳಿದ್ದ. ಎರಡು ಭೇಟಿಯಲ್ಲಿ ನಾನೂ ಅದನ್ನೇ ಹೇಳಿದೆ, ಅವರು ಸುಮ್ಮನೆ ತಲೆಯಾಡಿಸಿದರು. ಮೂರನೇ ಸಲ ವಾದ ಬಿಟ್ಟು ಕೇಳಿದೆ: “ಅಕ್ಕಾರ, ತಪ್ಪು ನಿಮ್ಮದಲ್ಲ ಅಂತ ನಾಳೆ ನಿಮಗ ಖಾತ್ರಿ ಆತಂದ್ರ ಏನಾಗ್ತದ?”

ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಹಳ ಹೊತ್ತು ಕುಳಿತರು. “ಹಂಗಾರ ಅವರು ಸುಮ್ಮನ ಹೋದರೇನ್ರೀ?”

ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಗಂಡ ಯಾಕೆ ಹೋದ ಎಂಬುದಕ್ಕೆ ಅವರ ಬಳಿ ಇದ್ದ ಒಂದೇ ಉತ್ತರ ತಮ್ಮ ತಪ್ಪು. ಅದನ್ನು ನಾವೆಲ್ಲ ಸೇರಿ ಕಿತ್ತುಕೊಳ್ಳಲು ಹೊರಟಿದ್ದೆವು. ಬೇರೆ ಉತ್ತರ ನನ್ನಲ್ಲಿರಲಿಲ್ಲ, ಹಾಗೆಂದೇ ಹೇಳಿದೆ. ಆಮೇಲೆ ಕೇಳಿದೆ, “ಅವರು ಒಳಗಿದ್ದಾಗ ಲಿಂಗ ಎಲ್ಲಿತ್ರೀ?”

ಎಡ ಅಂಗೈ ಬಿಚ್ಚಿ ತೋರಿಸಿದರು. “ಇಲ್ಲೇ. ಬಲಗೈ ಮುಚ್ಚಿ ಹಿಡಕೊಂಡು ‘ಓಂ ನಮಃ ಶಿವಾಯ’ ಅನಕೋತ ಕುಂತಿದ್ದೆ.”

“ಅದು ಪೂಜೆ ಅಲ್ಲೇನ್ರೀ?”

ಆ ಖಾಲಿ ಅಂಗೈಯನ್ನೇ ನೋಡುತ್ತ ಅತ್ತರು. ನನ್ನೆದುರು ಅತ್ತದ್ದು ಅದೇ ಮೊದಲು.

ನಾನು ಕೊಟ್ಟ ಸಲಹೆ ಸಣ್ಣದು. ದಿನಾ ಹತ್ತು ನಿಮಿಷ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತುಕೊಳ್ಳಿ. ಹೂವು, ಪತ್ರಿ ಇಲ್ಲದಿದ್ದರೂ ನಡೆದೀತು. ಬಂಧುಗಳು ಹೇಳಿದ ಪ್ರಾಯಶ್ಚಿತ್ತ ಬೇಡ, ಅದನ್ನು ಮಾಡಿಸಿದರೆ ತಪ್ಪು ಒಪ್ಪಿಕೊಂಡ ಹಾಗೆಯೇ. ಆಪ್ತಸಲಹೆಗಾರರು ಧರ್ಮದ ವಿಷಯಕ್ಕೆ ಕೈಹಾಕಬಾರದು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಆ ಹೆಣ್ಣುಮಗಳ ಭಕ್ತಿಯನ್ನು ಮುಟ್ಟಿಲ್ಲ. 12ನೇ ಶತಮಾನದ ಶರಣರು ಲಿಂಗವನ್ನು ನೇರ ಅಂಗೈಗೆ ಕೊಟ್ಟರು, ಹುಟ್ಟು ಸಾವಿನ ಸೂತಕವನ್ನೂ ಒಪ್ಪಲಿಲ್ಲ. ದಾರ ಬಿಚ್ಚಿದ್ದಕ್ಕೆ ಜೀವ ತೆಗೆಯುವ ದೇವರು ಆ ಪರಂಪರೆಯವನಲ್ಲ, ಭಯ ತಂದು ಕೂರಿಸಿದವನು. ನಿದ್ದೆ, ಊಟ, ಸಾಯುವ ಯೋಚನೆ ಇವನ್ನೆಲ್ಲ ಮೊದಲ ದಿನವೇ ವಿಚಾರಿಸಿದ್ದೆ. ಅಂಥ ಯೋಚನೆ ಇದ್ದಿದ್ದರೆ ಮನೋವೈದ್ಯರಲ್ಲಿಗೇ ಕಳಿಸುತ್ತಿದ್ದೆ. ಹಾಗೆ ಅನಿಸುತ್ತಿರುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ತಿಂಗಳ ನಂತರ ಬಂದರು. “ಹತ್ತು ನಿಮಿಷ ಆಗೂದಿಲ್ರೀ, ನಾಕು ನಿಮಿಷಕ್ಕ ಕಣ್ಣು ತುಂಬತಾವ.”

ನಾಕು ಸಾಕು ಅಂದೆ.